ಟೀಗನ್‌ಗೆ ಸಿಗದ ಬಟಾಣಿ ಚೀಲ

ಟೀಗನ್‌ಗೆ ತನ್ನ ತಮ್ಮ ಡಾರ್ಸಿಯ ಮೇಲೆ ಹೊಟ್ಟೆಕಿಚ್ಚು ಇತ್ತು. ಹೀಗೆ ಬರೆಯಲೇ ಎಂದು ಅವಳನ್ನೇ ಕೇಳಿದೆ. "ಇತ್ತು ಅಂತಲ್ಲ, ಇದೆ ಅಂತ ಬರಿ" ಎಂದಳು.

ಆಸ್ಟ್ರೇಲಿಯದ ದಕ್ಷಿಣ ಕಡಲಂಚಿನ ನಮ್ಮೂರಿನ ಶೆಡ್ಡಿನಲ್ಲಿ ಅವಳು ಹನ್ನೊಂದು ವರ್ಷದಿಂದ ಸಿಂಪಿ ಬಿಡಿಸುತ್ತಿದ್ದಾಳೆ, ಎಂದರೆ ಕಡಲ ಚಿಪ್ಪನ್ನು ಚಾಕುವಿನಿಂದ ತೆರೆದು ಒಳಗಿನ ಮಾಂಸ ತೆಗೆಯುವ ಕೆಲಸ. ಶಾಲೆ ಬಿಟ್ಟು ಬಂದ ನನಗೆ ಕೈ ಕುಯ್ದುಕೊಳ್ಳದಂತೆ ಚಾಕು ಹಿಡಿಯಲು ಕಲಿಸಿದವಳು ಅವಳೇ. ಮಕ್ಕಳೆಂದರೆ ಅವಳಿಗೆ ಆಗದು ಎಂದಲ್ಲ. ಬೀದಿಯ ಅರ್ಧ ಮಕ್ಕಳಿಗೆ ಈಜು ಕಲಿಸಿದ್ದಾಳೆ. ತಾಯಿಯಾಗುವ ಆಸೆ ಮಾತ್ರ ಅವಳಲ್ಲಿ ಹುಟ್ಟಲೇ ಇಲ್ಲ.

ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಲು ಅವಳು ಹತ್ತೊಂಬತ್ತನೇ ವಯಸ್ಸಿನಲ್ಲೇ ಊರಿನ ಡಾಕ್ಟರ್ ಪ್ಲಮರ್ ಬಳಿ ಹೋಗಿದ್ದಳು. ಇನ್ನೂ ಚಿಕ್ಕವಳು ಎಂದರು. ಇಪ್ಪತ್ತೈದರಲ್ಲಿ ಮತ್ತೆ ಹೋದಾಗ, "ಜೊತೆಗಾರನ್ನ ಕರ್ಕೊಂಡು ಬಾ, ಅವನೂ ಸಹಿ ಹಾಕ್ಲಿ" ಎಂದರು.

"ಜೊತೆಗಾರ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಸಿಗೋವರೆಗೂ ಕಾಯಿ."

ಇಪ್ಪತ್ತೊಂಬತ್ತರಲ್ಲಿ ಮೂರನೇ ಸಲ ಹೋದಳು. ಮೂವತ್ತೈದು ದಾಟಲಿ ಎಂದರು.

ಅದೇ ವರ್ಷ ಡಾರ್ಸಿ ಅದೇ ಡಾಕ್ಟರ ಬಳಿ ಗಂಡಸರ ಆಪರೇಷನ್ನಿಗೆ ಹೋದ. ವಯಸ್ಸು ಇಪ್ಪತ್ತೇಳು, ಮದುವೆಯಿಲ್ಲ, ಮಕ್ಕಳಿಲ್ಲ. ಹತ್ತು ನಿಮಿಷದ ಮಾತು, ಮೂರು ವಾರದಲ್ಲಿ ದಿನ ಗೊತ್ತಾಯಿತು. ಶುಕ್ರವಾರ ಆಪರೇಷನ್ ಆಯಿತು. ಊತಕ್ಕೆ ಇಟ್ಟುಕೊಳ್ಳಲಿ ಎಂದು ಫುಟ್‌ಬಾಲ್ ಕ್ಲಬ್ಬಿನ ಗೆಳೆಯರು ಮಂಜುಗಟ್ಟಿದ ಬಟಾಣಿಯ ಚೀಲಕ್ಕೆ ಕೆಂಪು ರಿಬ್ಬನ್ ಕಟ್ಟಿ ಕೊಟ್ಟರು. ಸೋಮವಾರ ಅವನು ದೋಣಿ ಹತ್ತಿದ, ಮಧ್ಯಾಹ್ನ ಸಿಂಪಿ ತಂದು ಶೆಡ್ಡಿನಲ್ಲಿ ಸುರಿದ.

"ನಿನ್ನ ಹೆಂಡ್ತಿ ಸಹಿ ಎಲ್ಲೋ?" ಟೀಗನ್ ಕೇಳಿದಳು.

"ಯಾವ ಹೆಂಡ್ತಿ ಮಾರಾಯ್ತಿ?"

"ಸಿಗೋವರೆಗೂ ಕಾಯಿ ಅನ್ಲಿಲ್ವಾ?"

"ಇಲ್ಲಪ್ಪ. ಈ ವಾರ ಮೀನು ಗಾಳಕ್ಕೆ ಚೆನ್ನಾಗಿ ಕಚ್ತಿದ್ಯಾ ಅಂತ ಕೇಳಿದ್ರು."

ಅವಳ ಚಾಕು ಜಾರಿ ಚಿಪ್ಪು ಪುಡಿಯಾಯಿತು. ಹಾಗಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅಂದಿನಿಂದ ಅವಳಿಗೆ ಆ ಬಟಾಣಿ ಚೀಲದ ಮೇಲೂ ಕಿಚ್ಚು.

ಮಾರನೇ ದಿನವೇ ನಾಲ್ಕನೇ ಸಲ ಡಾಕ್ಟರ ಎದುರು ಕೂತು, "ಅವನಿಗೆ ಹೌದು, ನಂಗ್ಯಾಕೆ ಇಲ್ಲ?" ಎಂದಳು. ಹೆಂಗಸಿಗೆ ಇದನ್ನು ಮಾಡಬಾರದೆಂಬುದು ತಮ್ಮ ನಂಬಿಕೆ ಎಂದರು.

"ನಂಬಿಕೆ ನಿಮ್ಮದು, ಇಟ್ಕೊಳ್ಳಿ. ಮೊದಲ್ನೇ ದಿನವೇ ಹೇಳಿದ್ರೆ ಬೇರೆಯವ್ರ ಹತ್ರ ಹೋಗ್ತಿದ್ದೆ. ಹತ್ತು ವರ್ಷ ಡಾಕ್ಟ್ರೇ!"

ಅವರು ಇವಳನ್ನು ನೋಡಿ ಎಂದು ಅಡಿಲೇಡ್ ನಗರದ ಡಾಕ್ಟರ್ ಹಲೀನಾ ಅವರಿಗೆ ಕಾಗದ ಬರೆದುಕೊಟ್ಟರು.

ಎಂಟು ಗಂಟೆಯ ದಾರಿ. ಡಾರ್ಸಿಯೇ ಗಾಡಿ ಓಡಿಸಿದ. ಹಲೀನಾ ಮೊದಲು ಅವನನ್ನು ಹೊರಗೆ ಕಳಿಸಿದರು. "ಕಾನೂನಿಗೆ ನಿಮ್ಮ ಸಹಿ ಒಂದೇ ಸಾಕು" ಎಂದರು. ಇದನ್ನು ಮತ್ತೆ ಮೊದಲಿನಂತೆ ಮಾಡಲಾಗದು, ಬೇರೆ ದಾರಿಗಳೂ ಇವೆ ಎಂದು ಒಂದೊಂದನ್ನೂ ವಿವರಿಸಿದರು. ಕೊನೆಗೆ ಕೇಳಿದರು, "ಈಗಲೇ ಯಾಕೆ ಬಂದ್ರಿ?"

ಟೀಗನ್ ಸುಳ್ಳು ಹೇಳಬಹುದಿತ್ತು. "ತಮ್ಮನಿಗೆ ಸಿಕ್ತು. ನಂಗೆ ಹೊಟ್ಟೆ ಉರೀತಿದೆ" ಎಂದಳು.

ಹಲೀನಾ ಪೆನ್ನು ಕೆಳಗಿಟ್ಟರು. "ಅವನಿಗೆ ಸಿಗದೇ ಇದ್ದಿದ್ರೂ ನಿಮಗಿದು ಬೇಕಿತ್ತಾ? ಯೋಚನೆ ಮಾಡಿ ಫೋನ್ ಮಾಡಿ. ಹೊಟ್ಟೆಕಿಚ್ಚಿಗೆ ನಾನು ಆಪರೇಷನ್ ಮಾಡಲ್ಲ."

ವಾಪಸ್ಸು ಬರುವಾಗ ಅವಳು ತಮ್ಮನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದಳು. ಶೆಡ್ಡಿನಲ್ಲಿ ಅವನು ತಂದ ಸಿಂಪಿಯನ್ನೆಲ್ಲ ನನ್ನ ಕಡೆಗೆ ತಳ್ಳಿದಳು. ಐದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಟ್ಟನೆ ನನ್ನ ಕಡೆ ತಿರುಗಿದಳು.

"ಮೊದಲ್ನೇ ಸಲ ನಾನು ಹೋದಾಗ ಅವನಿನ್ನೂ ಸ್ಕೂಲಲ್ಲಿದ್ದ ಕಣೆ! ಆಗ ಯಾರ ಮೇಲೆ ಹೊಟ್ಟೆಕಿಚ್ಚು ನಂಗೆ?"

ಒದ್ದೆ ಕೈಯಲ್ಲೇ ಫೋನ್ ತೆಗೆದು ಹಲೀನಾ ಅವರಿಗೂ ಅದನ್ನೇ ಹೇಳಿದಳು. ಅವರು ದಿನ ಗೊತ್ತು ಮಾಡಿದರು.

ಆಪರೇಷನ್ ಆಗಿ ಅವಳು ಮನೆಗೆ ಬಂದ ದಿನ ನಾನು ಸೂಪು ಮಾಡಿಕೊಂಡು ಹೋಗಿದ್ದೆ. ಡಾರ್ಸಿ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹೊಸ ಬಟಾಣಿ ಚೀಲ, ಅದಕ್ಕೆ ಅದೇ ಕೆಂಪು ರಿಬ್ಬನ್.

"ನೋವಿರೋದು ಹೆಗಲಲ್ಲಿ ಕಣೋ" ಎಂದಳು ಟೀಗನ್. "ಆಪರೇಷನ್ ಮಾಡೋವಾಗ ಹೊಟ್ಟೆಗೆ ಗಾಳಿ ತುಂಬಿಸ್ತಾರೆ, ಅದು ಮೇಲೇರತ್ತೆ. ಬಿಸಿನೀರಿನ ಚೀಲ ತಾ."

"ಕುಯ್ದಿದ್ದು ಹೊಟ್ಟೆ, ನೋವು ಹೆಗಲಿಗಾ?"

"ನೀನು ಮೂರೇ ದಿನಕ್ಕೆ ದೋಣಿ ಹತ್ತಿದ್ಯಲ್ಲೋ, ಪುಣ್ಯವಂತ" ಎಂದು ಮುಖ ಊದಿಸಿಕೊಂಡಳು.

ಅವನು ಬಟಾಣಿಯನ್ನು ನನ್ನ ಸೂಪಿಗೆ ಹಾಕಲು ಒಲೆಯತ್ತ ಹೊರಟ.

"ಫ್ರೀಜರಲ್ಲಿಡು! ಬೇಯಿಸಿದ್ರೆ ನೋಡು ಮತ್ತೆ. ಅದು ನಂದು."