ತಳದಲ್ಲಿ ಬರೆಯುವವಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿ ಕುಳಿತ ಹೆಂಗಸು ಕೂದಲೆಳೆಯಷ್ಟು ಸಣ್ಣ ಪ್ಲಾಟಿನಂ ತಂತಿಯನ್ನು ಬೆಂಕಿಗೆ ಹಿಡಿಯುತ್ತಾರೆ, ಆರಲು ಬಿಡುತ್ತಾರೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದು ಹುಳುವನ್ನು ಎತ್ತುತ್ತಾರೆ. ಒಂದೇ ಮಿಲಿಮೀಟರ್ ಉದ್ದದ, ಗಾಜಿನಂಥ ಹುಳು. ಅದನ್ನು ಅಂಗೈಯಗಲದ ಹೊಸ ತಟ್ಟೆಗೆ ಇಳಿಸಿ, ತಲೆಯೆತ್ತಿ ಎಡಗಣ್ಣು ಉಜ್ಜಿಕೊಳ್ಳುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಹುಳದಕ್ಕ. ವಯಸ್ಸು ಐವತ್ತಾರು, ಓದಿದ್ದು ಏಳನೆಯ ತರಗತಿ. ಗಾಜಿನ ಸಾಮಾನು ತೊಳೆಯಲು ಬಂದವರು ನೋಡಿ ನೋಡಿಯೇ ಹುಳು ಸಾಕುವುದನ್ನು ಕಲಿತರು. ಅದಕ್ಕೀಗ ಇಪ್ಪತ್ತೆರಡು ವರ್ಷ. ಈ ದುಂಡುಹುಳು ಮೂರು ದಿನದಲ್ಲಿ ಬೆಳೆದು ತಾಯಾಗುತ್ತದೆ. ಗಂಡಿನ ಹಂಗಿಲ್ಲದೆ ಮುನ್ನೂರರಷ್ಟು ಮರಿ ಮಾಡುತ್ತದೆ. ಅದರ ಜೀನುಗಳಲ್ಲಿ ಎಷ್ಟೋ ನಮ್ಮಲ್ಲೂ ಇರುವುದರಿಂದ, ಮನುಷ್ಯರ ಕಾಯಿಲೆಯ ಮೂಲವನ್ನು ಸಂಶೋಧಕರು ಇದರಲ್ಲಿ ಹುಡುಕುತ್ತಾರೆ. ಹುಡುಕುವವರ ಹೆಸರು ಅಚ್ಚಾಗುತ್ತದೆ. ಸಾಕುವವರು ದಿನಕ್ಕೆ ಇನ್ನೂರು ತಟ್ಟೆ ನೋಡುತ್ತಾರೆ, ಭಾನುವಾರವೂ.

“ಹುಳಕ್ಕೆ ರಜ ಗೊತ್ತಾಗಲ್ಲಮ್ಮ. ಮೇವು ಮುಗೀತು ಅಂದ್ರೆ ಮುಗೀತು” ಎನ್ನುತ್ತಾರೆ.

ಮನೆಯಲ್ಲಿ ಮಗಳು ಚುಡಾಯಿಸುತ್ತಾಳೆ: “ನಾನು ಹುಟ್ಟಿದ ತಾರೀಕು ಕೇಳಿ, ತಡವರಿಸ್ತಾಳೆ. ಹುಳ ಮೊಟ್ಟೆ ಇಟ್ಟಿದ್ದು ಕೇಳಿ, ಗಂಟೆ ಸಮೇತ ಹೇಳ್ತಾಳೆ.”

“ನೀನು ಹುಟ್ಟೋಕೆ ಎರಡು ದಿನ ತಗೊಂಡೆ ಕಣೆ. ಯಾವ್ದು ಅಂತ ಬರ್ಕೊಳ್ಳಲಿ?”

ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಹುಳದಕ್ಕ ಮೊದಲ ದಿನ ಹೇಳುವುದು ಒಂದೇ ಮಾತು: ಹುಳುವಿನ ಗುರುತನ್ನು ತಟ್ಟೆಯ ತಳದಲ್ಲಿ ಬರೆಯಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳ ಯಾವ ತಟ್ಟೆಗೂ ಕೂರುತ್ತದೆ. ತಳ ಹುಳುವನ್ನು ಬಿಟ್ಟು ಹೋಗುವುದಿಲ್ಲ.

ಆ ಮಾತನ್ನು ಮುರಿದವರು ಅವರೇ.

ಎರಡು ವರ್ಷದಿಂದ ಕಣ್ಣಿನ ನರ ಒಣಗುತ್ತಿದೆ. ಹೋದ ದೃಷ್ಟಿ ಮರಳದು ಎಂದು ವೈದ್ಯರು ಹೇಳಿದ್ದನ್ನು ಪ್ರಯೋಗಾಲಯದಲ್ಲಿ ಯಾರಿಗೂ ತಿಳಿಸಲಿಲ್ಲ. ತಳದ ಸಣ್ಣ ಅಕ್ಷರ ಕಾಣದಾದಾಗ, ಮುಚ್ಚಳಕ್ಕೆ ಬಿಳಿ ಚೀಟಿ ಅಂಟಿಸಿ ದಪ್ಪಕ್ಷರದಲ್ಲಿ ಬರೆಯತೊಡಗಿದರು. ಒಂದು ದಿನ ಮಂಜು ಹಿಡಿದ ಎಂಟು ಮುಚ್ಚಳಗಳನ್ನು ಒಟ್ಟಿಗೆ ತೆಗೆದು ಒರೆಸಿ ಮುಚ್ಚಿದರು. ಬೆಳೆದ ಮೇಲೆ ಸ್ನಾಯು ಸೋತು ಮಲಗುವ ಹುಳುಗಳ ಚೀಟಿ, ಗಟ್ಟಿಮುಟ್ಟಾದ ಹುಳುಗಳ ಮೇಲೆ ಕೂತಿತು. ಐದು ವಾರ ಆ ಚೀಟಿ ನೋಡಿಯೇ, ಒಂದೇ ಗುರುತಿನವನ್ನು ಒಟ್ಟು ಸೇರಿಸಿ ತಟ್ಟೆ ಬದಲಿಸಿದರು. ಎರಡು ವಂಶಗಳೂ ಕಲೆತುಹೋದವು.

ಸೋತ ಹುಳುಗಳು ಯುವ ಸಂಶೋಧಕಿಯೊಬ್ಬಳ ಏಳು ತಿಂಗಳ ದುಡಿಮೆ. ಅವುಗಳ ಒಂದು ಪಾಲನ್ನು ಹೆಪ್ಪುಗಟ್ಟಿಸಿ ಶೀತಪೆಟ್ಟಿಗೆಯಲ್ಲಿ ಇನ್ನೂ ಕಾಪಿಟ್ಟಿರಲಿಲ್ಲ. ಬೇಜವಾಬ್ದಾರಿ ಅವಳದೇ ಎಂದುಕೊಂಡ ಮುಖ್ಯಸ್ಥರು, ತಿಂಗಳ ಕೊನೆಗೆ ಜಾಗ ಖಾಲಿ ಮಾಡಲು ಹೇಳಿದರು. ಬುತ್ತಿ ಬಿಚ್ಚದೆ ಮೆಟ್ಟಿಲ ಮೇಲೆ ಅಳುತ್ತಿದ್ದವಳನ್ನು ಹುಳದಕ್ಕ ನೋಡಿದರು.

“ಮೂರು ದಿನ ಬಾಯಿ ಬಿಡ್ಲಿಲ್ಲ ನಾನು. ಮುಚ್ಚಳದ್ದು ಕಣ್ಣು ಮಾಡಿದ ತಪ್ಪು. ಇದು ನಾನೇ ಮಾಡಿದ್ದು.”

ನಾಲ್ಕನೆಯ ದಿನ ಮುಖ್ಯಸ್ಥರ ಮುಂದೆ ಎಲ್ಲ ಹೇಳಿದರು, ಕಣ್ಣಿನದೂ. ತೀರ್ಮಾನವಾಯಿತು: ಮುಂದಿನ ಒಂದನೇ ತಾರೀಕಿನಿಂದ ಹುಳದಕ್ಕ ಮತ್ತೆ ತೊಳೆಯುವ ಕೋಣೆಗೆ. ಅಷ್ಟರೊಳಗೆ ಆ ವಂಶ ಸಿಕ್ಕರೆ ಹುಡುಗಿ ಉಳಿಯಬಹುದು.

ಸಾವಿರಾರು ಹುಳುಗಳಲ್ಲಿ ನಿಧಾನವಾದವನ್ನು ಆರಿಸಿ, ಒಂದೊಂದನ್ನು ಒಂದೊಂದು ತಟ್ಟೆಗೆ ಹಾಕಿದ್ದಾರೆ. ಮುಪ್ಪಾದ ಹುಳುವೂ ನಿಧಾನವೇ. ಹಾಗಾಗಿ ಮರಿಗಳು ಬೆಳೆಯುವ ತನಕ ನಿಜ ತಿಳಿಯದು. ಒಟ್ಟು ತೊಂಬತ್ತು ತಟ್ಟೆ. ಇವತ್ತು ಇಪ್ಪತ್ತೊಂಬತ್ತನೆಯ ತಾರೀಕು. ಎಪ್ಪತ್ತು ತಟ್ಟೆಗಳಲ್ಲಿ ಮರಿಗಳು ಬೆಳೆದು ಚುರುಕಾಗಿ ಹರಿದಾಡುತ್ತಿವೆ.

ಎಪ್ಪತ್ತೊಂದನೆಯದರಲ್ಲಿ ತಂತಿ ನಿಲ್ಲುತ್ತದೆ. ಮುಟ್ಟುತ್ತಾರೆ. ಮತ್ತೆ ಮುಟ್ಟುತ್ತಾರೆ.

“ಮಗೂ, ಬಾ ಇಲ್ಲಿ. ಇವು ಅಲ್ಲಾಡ್ತಿಲ್ವಾ, ಇಲ್ಲ ನನಗೇ ಕಾಣ್ತಿಲ್ವಾ?”

ಪಕ್ಕದ ಕೋಣೆಯಲ್ಲಿದ್ದ ಸಂಶೋಧಕಿ ಓಡಿಬಂದು ಸೂಕ್ಷ್ಮದರ್ಶಕಕ್ಕೆ ಬಗ್ಗುತ್ತಾಳೆ. ತುಂಬ ಹೊತ್ತು ಏಳುವುದಿಲ್ಲ.

“ಅಲ್ಲಾಡ್ತಿಲ್ಲ ಅಕ್ಕ. ಒಂದೂ ಅಲ್ಲಾಡ್ತಿಲ್ಲ. ಗಂಟಲು ಮಾತ್ರ ಮಿಡೀತಿದೆ. ಬದುಕಿವೆ!”

ಅವಳ ಕೆಲಸ ಉಳಿಯಿತು. ತೊಳೆಯುವ ಕೋಣೆಯ ಆದೇಶವೂ ಹಾಗೇ ಉಳಿದಿದೆ. ಹುಳದಕ್ಕ ತಂತಿಯನ್ನು ಒರೆಸಿ ಡಬ್ಬಿಯಲ್ಲಿಡುತ್ತಾರೆ. ತಟ್ಟೆಯನ್ನು ಮಗುಚಿ ಹಿಡಿದು, ಪೆನ್ನನ್ನು ಹುಡುಗಿಯ ಕೈಗೆ ಕೊಡುತ್ತಾರೆ.

“ತಳದಲ್ಲಿ ಬರಿ. ಸ್ವಲ್ಪ ದಪ್ಪಕ್ಷರದಲ್ಲಿ ಬರಿ ಮಗೂ. ತೊಳೆಯೋ ಕೋಣೆಯಿಂದ ಬಂದು ಇಣುಕಿದಾಗ ನನಗೂ ಕಾಣ್ಬೇಕು.”