ಬಾನೆಟ್ಟಿನ ಒಳಮೈ

ಅಣ್ಣ ತೀರಿಕೊಂಡ ಮೇಲೆ ನಾನು ಬೆಳಿಗ್ಗೆ ಕೆಲಸಕ್ಕೆ ಕೈ ಹಾಕುವ ಮೊದಲು ಆ ನೀಲಿ ಕಾರಿನ ಬಾನೆಟ್ ಎತ್ತಿ, ಅದರ ಒಳಮೈಯನ್ನು ಒಮ್ಮೆ ಸವರುತ್ತಿದ್ದೆ. ಅವನು ಮಾಡಿ ಮುಗಿಸಿದ ಕೊನೆಯ ಕೆಲಸ ಅದು. ದೇಹವನ್ನು ಊರಿಗೆ ಕಳಿಸಿಯಾಗಿತ್ತು. ಇಲ್ಲಿ ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಕೋಣೆಯಲ್ಲಿ ಅವನ ಮಂಚಕ್ಕೆ ಬೇರೆಯವನು ಬಂದಿದ್ದ. ಅಣ್ಣನದು ಎಂದು ಮುಟ್ಟಲು ನನಗೆ ಬೇರೇನೂ ಉಳಿದಿರಲಿಲ್ಲ.

ಹಳೆಯ ಕಾರುಗಳ ಹುಚ್ಚಿದ್ದ ಒಬ್ಬ ಅರಬ್ ಧಣಿಯ, ಇಲ್ಲಿಯ ಮಾತಿನಲ್ಲಿ ಅರ್ಬಾಬನ, ಶೆಡ್ಡಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅಣ್ಣ ಟಿಂಕರ್, ನಾನು ಪೈಂಟರ್. ಊರಿನಲ್ಲಿ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಕಲಿತವರು. ಜಜ್ಜಿದ ತಗಡನ್ನು ಬಡಿದು ಸಮ ಮಾಡಿ, ಪುಟ್ಟಿ ಹಚ್ಚಿ ಉಜ್ಜಿದ ಮೇಲೆ ಉಸ್ತಾದ ಕಣ್ಣು ಮುಚ್ಚಿ ಅಂಗೈ ಎಳೆಯುತ್ತಿದ್ದ. ಎಲ್ಲಾದರೂ ತಡೆದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ಸುತ್ತಿಗೆಯ ಗುರುತು ಬಿಡುವುದೆಂದರೆ ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ.

ಹಮದ್ ಬಂದರಿನಿಂದ ಆ ಎರಡು ಕಾರುಗಳು ಬಂದ ದಿನ ಮ್ಯಾನೇಜರ್ ನಮಗೆ ಅವುಗಳ ಕಥೆ ಹೇಳಿದರು. ಅವರು ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ. ಅಮೆರಿಕದ ಹೆಸರಾಂತ ಕಾರೊಂದು ಮಾರಾಟಕ್ಕೆ ಬರುವ ಮೊದಲು ಕಂಪನಿಯವರು ಪರೀಕ್ಷೆಗೆಂದು ಕೆಲವನ್ನು ಕೈಯಲ್ಲೇ ಮಾಡಿದ್ದರಂತೆ. ಅಂಥವನ್ನು ಆಮೇಲೆ ಗುಜರಿಗೆ ಹಾಕುವುದು ರೂಢಿ. ಇವೆರಡು ಹೇಗೋ ತಪ್ಪಿಸಿಕೊಂಡಿದ್ದವು. ಒಂದು ನೀಲಿ, ಒಂದು ಬಿಳಿ. ಪೇಟೆಯ ನಡುವಿನ ಮುಶೈರಿಬಿನ ಒಂದು ಹಾಲಿನಲ್ಲಿ ಪ್ರದರ್ಶನಕ್ಕೆ ಇಡುವುದಿತ್ತು. ತೊಳೆದು, ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಿ, ಇಷ್ಟೇ ನಮಗೆ ಹೇಳಿದ್ದು.

ನೀಲಿ ಕಾರಿನ ಬಾನೆಟ್ ಎತ್ತಿದ ಅಣ್ಣ ಮುಖ ಸಿಂಡರಿಸಿದ. ಒಳಗಡೆ ತಗಡಿನ ತುಂಬ ಸುತ್ತಿಗೆಯ ಏಟುಗಳು. ವೆಲ್ಡಿಂಗ್ ಸೊಟ್ಟ.

"ಇದೆಂತ, ಅಮೆರಿಕದವರ ಕೆಲಸವಾ? ನಮ್ಮ ಉಸ್ತಾದ ನೋಡಿದ್ರೆ ಕಪಾಳಕ್ಕೆ ಬಿಡ್ತಿದ್ದ."

"ಬಿಡು ಅಣ್ಣ, ಒಳಗಿನದ್ದು ಯಾರು ನೋಡ್ತಾರೆ?"

"ನಾನು ನೋಡಿಯಾಯ್ತಲ್ಲ ಮಾರಾಯ. ಇನ್ನು ಹೇಗೆ ಬಿಡುವುದು?"

ಊಟದ ಬಿಡುವಿನಲ್ಲೆಲ್ಲ ಆ ಏಟುಗಳಿಗೆ ಪುಟ್ಟಿ ತುಂಬಿ ಉಜ್ಜಲು ಕೂತ. ಮುಗಿದಾಗ ಒಳಮೈ ಕನ್ನಡಿಯ ಹಾಗಿತ್ತು. ಬಣ್ಣವನ್ನು ನಾನು ಹೊಡೆದೆ. "ಇನ್ನು ಬಿಳಿಯದ್ದು," ಅಂದ. ಅದಕ್ಕೆ ಕೈ ಹಾಕುವ ಮೊದಲೇ, ಒಂದು ಸಂಜೆ ಫ್ಲ್ಯಾಟಿನ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಕಾರು ಅಸಲಿಯೋ ನಕಲಿಯೋ ಎಂದು ನೋಡಲು ಅಮೆರಿಕದಿಂದ ಒಬ್ಬರು ಬಂದದ್ದು ಅದಾದ ಮೇಲೆ. ಅಜ್ಜಿಯ ವಯಸ್ಸಿನ ಹೆಂಗಸು. ಟಾರ್ಚ್ ಹಿಡಿದು ಬಿಳಿ ಕಾರಿನಡಿ ಅಂಗಾತ ಮಲಗಿದರು, ಬಾನೆಟ್ಟಿನೊಳಗೆ ತಲೆ ಹಾಕಿದರು, ಸುತ್ತಿಗೆಯ ಗುರುತುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿ ನಕ್ಕರು. ಕಾರ್ಖಾನೆಯ ಅಚ್ಚುಗಳು ತಯಾರಾಗುವ ಮೊದಲು ಕೈಯಲ್ಲಿ ಬಡಿದ ತಗಡಿಗೆ ಮಾತ್ರ ಅಂಥ ಗುರುತು ಇರುತ್ತದಂತೆ. ಬಿಳಿಯದ್ದು ಅಸಲಿ ಎಂದರು.

ನೀಲಿ ಕಾರಿನ ಬಾನೆಟ್ಟಿನಡಿ ಕೈ ಆಡಿಸಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಮ್ಯಾನೇಜರ್ ಹತ್ತಿರ ಏನೋ ಹೇಳಿದರು.

"ತುಂಬ ಒಳ್ಳೆ ಕೆಲಸ ಅಂತ ಹೇಳ್ತಿದ್ದಾರೆ," ಮ್ಯಾನೇಜರ್ ಬೆವರು ಒರೆಸಿಕೊಂಡರು. "ಆದ್ರೆ ಇದರ ಅಡಿಯಲ್ಲಿ ಎಂತ ಉಂಟು ಅಂತ ಕಾಣದೆ ಸರ್ಟಿಫಿಕೇಟ್ ಕೊಡ್ಲಿಕ್ಕೆ ಆಗುದಿಲ್ಲವಂತೆ. ಪುಟ್ಟಿ ಪೂರ್ತಿ ತೆಗೀಬೇಕು. ಮಿಷಿನ್ ತಾಗಿಸ್ಬಾರ್ದು, ಕೈಯಲ್ಲೇ. ಪುಣ್ಯಕ್ಕೆ ಬಿಳಿಯದ್ದಕ್ಕೆ ಅವ ಕೈ ಹಾಕಿರ್ಲಿಲ್ಲ, ನಮ್ಮ ಲಕ್!"

ಹೇಳಿದ ಮೇಲೆ ಅವರಿಗೇ ತಿಳಿಯಿತು. ನನ್ನ ಕಡೆ ನೋಡಲಿಲ್ಲ.

"ಸಾರ್, ಬೇರೆ ಯಾರಿಗಾದ್ರೂ ಹೇಳಿ," ಅಂದೆ.

"ಬೇರೆ ಯಾರುಂಟು ಮಾರಾಯ? ಎಷ್ಟು ದಪ್ಪ ಹಚ್ಚಿದ್ದಾನೆ, ಅಡಿಗೆ ಎಂತ ಹೊಡೆದಿದ್ದಾನೆ ಅಂತ ಗೊತ್ತಿದ್ದವ ನೀನೊಬ್ಬನೇ ಅಲ್ವಾ ಉಳಿದದ್ದು? ಅರ್ಬಾಬ್ ಇದಕ್ಕೇ ಕಾಯ್ತಿದ್ದಾರೆ. ಯಲ್ಲಾ, ನಡಿ, ನಾಳೆ ಶುರು ಮಾಡು."

ಆಗುವುದಿಲ್ಲ ಎಂದು ಬಿಟ್ಟು ಹೋಗಬಹುದಿತ್ತು. ಹೋಗುವುದೆಲ್ಲಿಗೆ? ಅತ್ತಿಗೆ ಮಕ್ಕಳು ಒಂದು ಕಡೆ, ನನ್ನ ಹೆಂಡತಿ ಮಕ್ಕಳು ಒಂದು ಕಡೆ, ಈಗ ಎರಡು ಮನೆಗೂ ನಾನೇ. ಆ ರಾತ್ರಿ ಅತ್ತಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿದಾಗ ಆಯ್ತು ಅಂದೆ.

ಬಣ್ಣ ಬೇಗ ಬಿಟ್ಟಿತು, ಅದು ನನ್ನದು. ಪುಟ್ಟಿ ಬಿಡಲಿಲ್ಲ. ಅಣ್ಣ ಹಚ್ಚಿದ್ದು ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಅವನು ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತು, ತಲೆ ಮೇಲೆತ್ತಿ ಕೆರೆದೆ. ಪುಡಿ ಕಣ್ಣಿಗೆ, ಮೂಗಿಗೆ ಬೀಳುತ್ತಿತ್ತು. ಸಂಜೆ ಗುಡಿಸಿ ಕಸದ ಡಬ್ಬಿಗೆ ಹಾಕಬೇಕಾಗುತ್ತಿತ್ತು. ಒಂದು ದಿನ ಮೊದಲನೆಯ ಸುತ್ತಿಗೆಯೇಟು ಕಂಡಿತು, ಅದರ ಪಕ್ಕ ಇನ್ನೊಂದು. ಯಾರೋ ಗುರುತಿಲ್ಲದ ಅಮೆರಿಕದವನ ಕೈ. ಅವನ ಮೇಲೆ ನನಗೆ ಬಂದ ಸಿಟ್ಟಿಗೆ ಅರ್ಥವಿರಲಿಲ್ಲ, ಆದರೂ ಬಂತು.

ನೀಲಿ ಕಾರೂ ಅಸಲಿ ಎಂದಾಯಿತು. ಆ ಹೆಂಗಸು ನನ್ನ ಕೈ ಕುಲುಕಿ ಥ್ಯಾಂಕ್ಯೂ ಅಂದರು.

ಈಗ ಎರಡು ಕಾರುಗಳೂ ಮುಶೈರಿಬಿನ ಹಾಲಿನಲ್ಲಿ ಅಕ್ಕಪಕ್ಕ ನಿಂತಿವೆ. ಬಾನೆಟ್ ಎತ್ತಿಟ್ಟು, ಒಳಗಿನ ಗುರುತುಗಳು ಕಾಣಲೆಂದು ಅಡಿಗೆ ಕನ್ನಡಿ ಇಟ್ಟು ದೀಪ ಹಾಕಿದ್ದಾರೆ. ಇನ್ನು ಯಾರೂ ಅವುಗಳಿಗೆ ಏನೂ ಮಾಡಬಾರದು ಎಂದು ಅರ್ಬಾಬನ ಅಪ್ಪಣೆ. ಹಾಗಾಗಿ ನನಗೆ ಪೈಂಟಿಂಗ್ ಕೆಲಸವಿಲ್ಲ. ಧೂಳು ಒರೆಸುವುದು, ಜನ ಮುಟ್ಟದ ಹಾಗೆ ಹಗ್ಗದ ಬಳಿ ನಿಲ್ಲುವುದು. ಒಳ್ಳೆಯ ಕೆಲಸ, ಏಸಿ ಇದೆ ಎಂದು ಕೋಣೆಯವರು ಹೊಟ್ಟೆಕಿಚ್ಚುಪಡುತ್ತಾರೆ.

ಕಳೆದ ಶುಕ್ರವಾರ ಊರ ಕಡೆಯ ಗಂಡ ಹೆಂಡತಿ ಬಂದರು. ಗಂಡ ಕನ್ನಡಿಯಲ್ಲಿ ಬಗ್ಗಿ ನೋಡಿ, "ಮಕ್ಕಳು ಬಟ್ಟಲು ಬಡಿದ ಹಾಗೆ ಉಂಟಲ್ವಾ," ಎಂದು ನಕ್ಕರು. ನಾನೂ ಊರಿನವನೆಂದು ತಿಳಿದ ಮೇಲೆ ಕೇಳಿದರು, "ಅಲ್ಲ ಮಾರಾಯ್ರೆ, ಇಷ್ಟು ದೊಡ್ಡ ಶೇಖಿಗೆ ಒಬ್ಬ ಒಳ್ಳೆ ಟಿಂಕರ್ ಸಿಗ್ಲಿಲ್ವಾ?"

"ಸಿಕ್ಕಿದ್ರು," ಅಂದೆ. "ನನ್ನ ಅಣ್ಣ."

"ಹೌದಾ! ಮತ್ತೆ ಅವರ ಕೆಲಸ ಎಲ್ಲಿ?"

ಹೇಳಿದೆ. ಅಣ್ಣ ಊಟ ಬಿಟ್ಟು ಉಜ್ಜಿದ್ದು, ನಾನು ಕೆರೆದದ್ದು, ಎಲ್ಲ. ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಅವರು ಕನ್ನಡಿಯನ್ನು ಮತ್ತೊಮ್ಮೆ ನೋಡಿದರು, ಈ ಸಲ ನಗಲಿಲ್ಲ. ಹೆಂಡತಿ, "ಅವರು ಈಗ ಊರಲ್ಲಿದ್ದಾರಾ?" ಎಂದು ಕೇಳಿದರು.

"ಇಲ್ಲ, ತೀರಿಹೋದ್ರು."

ಹಿಂದೆ ಜನ ಕಾಯುತ್ತಿದ್ದರು. ಅವರಿಬ್ಬರೂ ಬರ್ತೇವೆ ಎಂದು ಮುಂದೆ ಹೋದರು. ನಾನು ಹಗ್ಗದ ಬಳಿ ನನ್ನ ಜಾಗಕ್ಕೆ ಬಂದು ನಿಂತೆ. ಹಾಲ್ ಮುಚ್ಚಲು ಇನ್ನೂ ತುಂಬ ಹೊತ್ತಿತ್ತು.