ಕೆರೆದು ಬಿಟ್ಟ ಹೊಲ

ಬೇಕರಿಯ ಸೌದೆ ಒಲೆ ನೋಡಿಕೊಳ್ಳುತ್ತಿದ್ದ ಅವಳನ್ನು ಬೀದಿಯವರೆಲ್ಲ ಮಸಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳೂ ಬೇಜಾರು ಮಾಡಿಕೊಂಡವಳಲ್ಲ, ಕರೆದರೆ ‘ಓ’ ಅನ್ನುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವಳು ಹೊಲದಲ್ಲಿ ತನ್ನ ಪಾಲು ಕೇಳಿದಳು. ಅಣ್ಣ ಒಂದು ಮಾತೂ ಎದುರಾಡದೆ ಒಪ್ಪಿಕೊಂಡ. ಅಷ್ಟು ಸಲೀಸಾಗಿ ಒಪ್ಪಿದ್ದೇಕೆ ಅನ್ನೋದು ಹೊಲಕ್ಕೆ ಹೋದಾಗ ತಿಳಿಯಿತು. ಅವಳಿಗೆ ಬಿಟ್ಟ ತುಂಡಿನ ಮೇಲ್ಮಣ್ಣನ್ನೆಲ್ಲ ಇಟ್ಟಿಗೆ ಗೂಡಿನವರಿಗೆ ಕೆರೆದು ಕೊಟ್ಟಾಗಿತ್ತು. ಉಳಿದದ್ದು ಗುದ್ದಲಿ ಹಾಕಿದರೆ ಠಣ್ ಅನ್ನುವ ಗಟ್ಟಿ ನೆಲ.

“ಇದೇನಣ್ಣ, ಹೊಲ ಕೇಳಿದ್ರೆ ಹೊಲದ ಮೂಳೆ ಕೊಟ್ಟಿದೀಯ?”

“ಪಾಲು ಕೇಳ್ದೆ, ಕೊಟ್ಟೆ. ಅದ್ರಲ್ಲಿ ಏನ್ ಬೆಳೀತೀಯೋ ನಾನೂ ನೋಡ್ತೀನಿ.”

“ನೋಡು. ಕಣ್ಣು ಬಿಟ್ಕೊಂಡು ನೋಡು.”

ಬೇಕರಿಯ ಹಿತ್ತಲಲ್ಲಿ ಒಲೆಯ ಇದ್ದಿಲು ಸುರಿಯುವ ಜಾಗದಲ್ಲಿ ಸೊಪ್ಪು ಸೊಂಪಾಗಿ ಬೆಳೆಯುವುದನ್ನು ಅವಳು ದಿನಾ ನೋಡುತ್ತಿದ್ದಳು. ಇದ್ದಿಲನ್ನು ಚೀಲದಲ್ಲಿ ತುಂಬಿ, ಸೈಕಲ್ ಮೇಲೆ ಹೇರಿಕೊಂಡು ಹೋಗಿ, ಪುಡಿ ಮಾಡಿ ಹೊಲಕ್ಕೆ ಎರಚಿದಳು. ಹುರುಳಿ ಬಿತ್ತಿದಳು. ಮೊಳಕೆ ಬಂತು, ನೆಟ್ಟಗೆ ನಿಲ್ಲುವ ಮೊದಲೇ ಹಳದಿಗೆ ತಿರುಗಿತು. ಅಣ್ಣ ಬದುವಿನ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನ ಅವಳು ಒಣಗಿದ ಗಿಡ ಹಿಡಿದುಕೊಂಡು ಮಣ್ಣು ಪರೀಕ್ಷೆಯ ಕಚೇರಿಗೆ ಹೋದಳು. ಅಲ್ಲಿದ್ದ ಮೇಡಂ ಎಲೆ ನೋಡಿ, “ಬರೀ ಇದ್ದಿಲು ಹಾಕಿದ್ರಾ? ಅದು ಖಾಲಿ ಹೊಟ್ಟೇಲಿ ಬಂದಿರೋ ನೆಂಟನ ಥರ. ಗಿಡದ ಊಟಾನೂ ತಾನೇ ಹೀರ್ಕೊಳ್ಳುತ್ತೆ. ಮೊದ್ಲು ಅದಕ್ಕೆ ಉಣಿಸಿ, ಆಮೇಲೆ ಮಣ್ಣಿಗೆ ಸೇರಿಸಿ” ಅಂದರು. ಹಿತ್ತಲ ಇದ್ದಿಲಿನ ಮೇಲೆ ದಿನವೂ ಪಾತ್ರೆ ತೊಳೆದ ನೀರು ಬೀಳುತ್ತಿದ್ದದ್ದು ಅವಳಿಗೆ ಆಗ ಹೊಳೆಯಿತು.

ಡ್ರಮ್ಮಿನಲ್ಲಿ ಸಗಣಿ, ಗಂಜಲ ಕಲಸಿ ಇದ್ದಿಲು ನೆನೆಹಾಕಿದಳು. ಮಾರುಕಟ್ಟೆಯಲ್ಲಿ ಬಿಸಾಡಿದ ಕೊಳೆತ ತರಕಾರಿ ತಂದು, ಅದರೊಡನೆ ಬೆರೆಸಿ ಗೊಬ್ಬರ ಮಾಡಿ ಹೊಲಕ್ಕೆ ಹಾಕಿದಳು. ಹಸಿರು ಗೊಬ್ಬರಕ್ಕೆಂದು ಸೆಣಬು ಬೆಳೆದು, ಹೂ ಬಿಡುವ ಹೊತ್ತಿಗೆ ಅಲ್ಲೇ ಉತ್ತು ಮಣ್ಣಿಗೆ ಸೇರಿಸಿದಳು. “ಬೆಳೆದದ್ದನ್ನೂ ಹೂಳ್ತಾಳಲ್ಲ, ತಲೆ ಕೆಟ್ಟಿದೆ” ಅಂದರು ಜನ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಗುದ್ದಲಿ ಮೆತ್ತಗೆ ಇಳಿಯಿತು. ಹೆಂಟೆಯಲ್ಲಿ ಎರೆಹುಳು ಹೊರಳುತ್ತಿತ್ತು. ಅಲ್ಲೇ ಕೂತು ಅತ್ತುಬಿಟ್ಟಳು.

ಮಣ್ಣು ಕಪ್ಪಾಗಿ ಹುರುಳಿ ಚೆನ್ನಾಗಿ ಬಂದ ವರ್ಷವೇ ಜೆಸಿಬಿ ಬಂತು. ಅಣ್ಣ ತನ್ನ ಹೊಲದ ಮಣ್ಣನ್ನೂ ಗೂಡಿಗೆ ಕೊಟ್ಟು ಮುಗಿಸಿದ್ದ. “ಇದೂ ನಮ್ದೇ, ತೆಗೀರಿ” ಎಂದು ಅವಳ ಹೊಲ ತೋರಿಸಿದ್ದ.

ಮಸಿಯಕ್ಕ ಊಟದ ಡಬ್ಬಿ ಹಿಡಿದುಕೊಂಡು ಬಂದು ಯಂತ್ರದ ಬಾಯಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕೂತಳು.

“ಏಳಮ್ಮಾ” ಅಂದ ಡ್ರೈವರ್.

“ಊಟ ಮಾಡ್ತಿದೀನಿ, ಕಾಣ್ಸಲ್ವಾ? ಮಣ್ಣು ತೆಗೀಬೇಕಂದ್ರೆ ಮೊದ್ಲು ನನ್ನ ತೆಗಿ.”

ಡ್ರೈವರ್ ಇಂಜಿನ್ ಆರಿಸಿದ. ಅಣ್ಣ ಕೂಗಾಡಿದ: “ಅಪ್ಪನ ಮಣ್ಣು ಕಣೇ ಅದು!”

“ಅಪ್ಪನ ಮಣ್ಣು ನೀನು ಗೂಡಿಗೆ ಹಾಕ್ದೆ. ಇದು ನಾನು ಮಾಡಿದ್ದು. ಒಂದು ಹಿಡಿ ಮುಟ್ಟಿದ್ರೂ ಸುಮ್ನಿರಲ್ಲ.”

ಯಂತ್ರ ಬಂದ ದಾರಿಯಲ್ಲೇ ವಾಪಸು ಹೋಯಿತು.

ಕೆಲವು ದಿನಗಳ ನಂತರ ಅತ್ತಿಗೆ ಒಬ್ಬಳೇ ಬಂದಳು, ಕಂಕುಳಲ್ಲಿ ಖಾಲಿ ಚೀಲ. “ನಮ್ಮ ಹೊಲಾನೂ ಸರಿ ಮಾಡ್ಬಹುದೇನೇ? ನಿಮ್ಮಣ್ಣಂಗೆ ಗೊತ್ತಾಗೋದು ಬೇಡ.”

ಮಸಿಯಕ್ಕ ಡ್ರಮ್ಮಿನ ಮುಚ್ಚಳ ತೆಗೆದಳು. “ಕಲಿಸ್ತೀನಿ ಅತ್ತಿಗೆ. ಆದ್ರೆ ಕದ್ದುಮುಚ್ಚಿ ಅಲ್ಲ. ಹಗಲಲ್ಲೇ ಬನ್ನಿ, ಅವನ ಮುಂದೆನೇ ಹೊತ್ಕೊಂಡು ಹೋಗಿ.”